ನಡೆದು ಹೋಗಬಹುದಾದ ಬಡಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಿವಾಸಿಗಳ ಸಂಘದ ಮೀಟಿಂಗ್‌ನಲ್ಲೋ ವಾರ್ಡ್ ಸಭೆಯಲ್ಲೋ ಫುಟ್‌ಪಾತ್, ಸೈಕಲ್ ಅಂತ ಬಾಯಿ ಬಿಟ್ಟ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉದಾಹರಣೆಗಳು ಜಾಸ್ತಿ ಬೆಂಗಳೂರಿನವು. ನಡುನಡುವೆ ಮೈಸೂರು, ಚೆನ್ನೈ, ಹೊರದೇಶದ ಒಂದೆರಡು ಊರುಗಳೂ ಬರುತ್ತವೆ.

ನಮ್ಮ ಏರಿಯಾದಲ್ಲಿ ಒಳ್ಳೆ ಪಾರ್ಕ್ ಇದೆ, ವಾಕಿಂಗ್ ಟ್ರ್ಯಾಕ್ ಇದೆ, ಓಪನ್ ಜಿಮ್ಮೂ ಇದೆ. ಇನ್ನೇನು ಬೇಕು?

ಪಾರ್ಕ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಯಾವುದಾದರೂ ದೊಡ್ಡ ಪಾರ್ಕಿನ ಗೇಟಿನ ಮುಂದೆ ನಿಂತು ನೋಡಿ. ಸಾಲಾಗಿ ಸ್ಕೂಟರ್, ಕಾರು ನಿಂತಿರುತ್ತವೆ. ಅರ್ಧ ಕಿಲೋಮೀಟರ್ ದೂರದ ಮನೆಯಿಂದ ಗಾಡಿಯಲ್ಲಿ ಬರುತ್ತಾರೆ. ಒಳಗೆ ಎಂಟು ಸುತ್ತು ಹಾಕುತ್ತಾರೆ. ಮತ್ತೆ ಗಾಡಿ ಹತ್ತಿ ಮನೆಗೆ ಹೋಗುತ್ತಾರೆ. ಅವರನ್ನು ನೋಡಿ ನಗುವುದು ಸುಲಭ. ಆದರೆ ಮನೆಯಿಂದ ಪಾರ್ಕಿನವರೆಗೆ ನಡೆಯುವ ದಾರಿ ಹೇಗಿದೆ ಅಂತ ನೋಡಿದರೆ ನಗು ಬರಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 22 ನಿಮಿಷ. ಬಸ್ ಸ್ಟಾಪಿಗೆ ಚುರುಕಾಗಿ ನಡೆದು, ಬರುವಾಗ ತರಕಾರಿ ತಂದರೆ ಅಲ್ಲಿಗೆ ಮುಗಿಯಿತು. ಪಾರ್ಕಿಗೆ ಬರುವವರು ಬಹುಪಾಲು ಟೈಮ್ ಇರುವವರು. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ ಫ್ಯಾಕ್ಟರಿ ಸೇರಬೇಕಾದ ಹೆಣ್ಣುಮಗಳಿಗೆ, ಎರಡು ಮಕ್ಕಳ ಟಿಫನ್ ಡಬ್ಬಿ ಕಟ್ಟುವ ತಾಯಿಗೆ ಎಂಟು ಸುತ್ತು ಹಾಕುವ ಪುರುಸೊತ್ತು ಎಲ್ಲಿದೆ? ಅವರಿಗೆ ಸಿಗುವ ವ್ಯಾಯಾಮ ಕೆಲಸದ ಮೇಲೆ ಓಡಾಡುವಾಗ ಸಿಗುವುದೇ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಹೇಳಿತು. ಅಷ್ಟೂ ಜನರನ್ನು ಪಾರ್ಕಿಗೆ ಕರೆತರೋಕೆ ಆಗಲ್ಲ. ಅವರ ಮನೆ ಮುಂದಿನ ದಾರಿ ಸರಿ ಮಾಡಬಹುದು.

ಹಾಗಾದರೆ ಒಂದು ಬಡಾವಣೆ ನಡೆಯೋಕೆ ಲಾಯಕ್ಕಾಗಿದೆ ಅಂತ ಗೊತ್ತಾಗುವುದು ಹೇಗೆ?

ಎಂಟು ವರ್ಷದ ಮಗಳನ್ನು ಒಬ್ಬಳನ್ನೇ ಕೊತ್ತಂಬರಿ ಸೊಪ್ಪು ತರೋಕೆ ಕಳಿಸುತ್ತೀರಾ? ಹೂಂ ಅಂದರೆ ನಿಮ್ಮ ಬಡಾವಣೆ ಪಾಸ್. ಇಲ್ಲ ಅಂದರೆ ಯಾಕೆ ಅಂತ ಕೇಳಿಕೊಳ್ಳಿ. ಉತ್ತರ ಈ ಮೂರರಲ್ಲಿ ಒಂದಾಗಿರುತ್ತದೆ: ಅಂಗಡಿ ದೂರ, ದಾರಿ ನಡುವೆ ತುಂಡಾಗಿದೆ, ಇಲ್ಲವೇ ಗಾಡಿಗಳ ಸ್ಪೀಡ್ ಜಾಸ್ತಿ. ಈ ಪುಟದ ಉಳಿದ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಬರುವುದು ಈ ಮೂರಕ್ಕೇ.

ಮಲ್ಲೇಶ್ವರ, ಬಸವನಗುಡಿಯಲ್ಲಿ ನಡೆಯೋಕೆ ಹಿತ ಅನ್ನಿಸುತ್ತದೆ. ಹೊಸ ಲೇಔಟ್‌ಗಳಲ್ಲಿ ಯಾಕೆ ಹಾಗಿಲ್ಲ?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಗಾಳಿ ಬೆಳಕಿರುವ ಕಡೆ ಸಾಗಿಸಬೇಕು ಅಂತ ಬೆಳೆಸಿದ ಬಡಾವಣೆಗಳು ಇವೆರಡೂ. ಅಂದರೆ ಆರೋಗ್ಯಕ್ಕಾಗಿಯೇ ಊರಿನ ನಕ್ಷೆ ಬರೆದದ್ದು ನಮ್ಮಲ್ಲಿ ಹೊಸತೇನಲ್ಲ. ಆಗ ಯಾರ ಹತ್ತಿರವೂ ಕಾರು ಇರಲಿಲ್ಲ. ಹಾಗಾಗಿ ಮಾರ್ಕೆಟ್, ದೇವಸ್ಥಾನ, ಸ್ಕೂಲು ಎಲ್ಲ ಕಾಲಳತೆಯಲ್ಲೇ ಇರಬೇಕಿತ್ತು. ರಸ್ತೆಗಳು ಚದುರಂಗದ ಮನೆಗಳಂತೆ ಅಡ್ಡ ಉದ್ದ ಇವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ನಾಲ್ಕೈದು ದಾರಿ ಸಿಗುತ್ತವೆ.

ಮಲ್ಲೇಶ್ವರದ ಮನೆಗಳ ಹಿಂಬದಿಯಲ್ಲಿ ಇನ್ನೊಂದು ವಿಶೇಷ ಇದೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಸಾಗಿಸೋಕೆ ಬಿಟ್ಟಿದ್ದ ಕಿರಿದಾದ ಸಂದಿಗಳು. ಆ ಕೆಲಸ ನಿಂತ ಮೇಲೆ ಕಸದ ಗುಂಡಿಗಳಾಗಿದ್ದವು. ಈಗ ಕೆಲವನ್ನು ಸ್ವಚ್ಛ ಮಾಡಿ, ಗೋಡೆಗೆ ಬಣ್ಣ ಬಳಿದು ನಡೆಯೋಕೆ ಬಿಟ್ಟಿದ್ದಾರೆ. ಕಾರು ನುಗ್ಗದ ದಾರಿ ಊರ ನಡುವೆ ಪುಕ್ಕಟೆ ಸಿಕ್ಕಂತಾಯಿತು. ನಿಮ್ಮ ಬಡಾವಣೆಯಲ್ಲೂ ಇಂಥ ಸಂದಿ ಇದ್ದರೆ, ಪಕ್ಕದ ಮನೆಯವರ ಕಾಂಪೌಂಡ್ ಅದನ್ನು ನುಂಗುವ ಮೊದಲು ಉಳಿಸಿಕೊಳ್ಳಿ.

ಹೊಸ ಲೇಔಟ್‌ಗಳ ಕಥೆ ಬೇರೆ. ಒಂದೇ ಎಂಟ್ರೆನ್ಸ್, ಸುತ್ತ ಗೋಡೆ, ಒಳಗೆ ಬರೀ ಮನೆ. ಗೋಡೆಯ ಆಚೆಗೇ ಇರುವ ಮೆಡಿಕಲ್ ಸ್ಟೋರಿಗೆ ಹೋಗೋಕೆ ಮುಕ್ಕಾಲು ಕಿಲೋಮೀಟರ್ ಸುತ್ತಬೇಕು. ಅಂಥ ಕಡೆ ಎಷ್ಟೇ ಚಂದದ ಫುಟ್‌ಪಾತ್ ಹಾಕಿದರೂ ಜನ ಗಾಡಿಯನ್ನೇ ತೆಗೆಯುತ್ತಾರೆ. ಇದಕ್ಕೆ ಮದ್ದು ಅಗ್ಗದ್ದು: ಹಿಂಬದಿ ಗೋಡೆಯಲ್ಲಿ ಒಂದು ಚಿಕ್ಕ ಗೇಟು. ಬೆಳಿಗ್ಗೆ ತೆಗೆದು ರಾತ್ರಿ ಹಾಕಿದರಾಯಿತು. ಅಪಾರ್ಟ್‌ಮೆಂಟ್ ಸಂಘಗಳು ಸೆಕ್ಯೂರಿಟಿ ಅಂತ ಇದಕ್ಕೆ ಒಪ್ಪುವುದಿಲ್ಲ. ಒಬ್ಬ ಕಾವಲುಗಾರನ ಸಂಬಳವನ್ನೂ ನೂರಾರು ಮನೆಗಳ ಪೆಟ್ರೋಲನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ ಅಂತ ಕೇಳಿ ನೋಡಿ.

ಮನೆ ಪಕ್ಕ ಅಂಗಡಿ ಬಂದರೆ ಗಲಾಟೆ, ಪಾರ್ಕಿಂಗ್ ತೊಂದರೆ ಅಲ್ವಾ?

ಯಾವ ಅಂಗಡಿ ಅನ್ನುವುದರ ಮೇಲೆ ಹೋಗುತ್ತದೆ. ದಿನಸಿ, ಹಾಲು, ಇಸ್ತ್ರಿ, ಕ್ಲಿನಿಕ್, ಟೈಲರ್ ಇವಕ್ಕೆ ಬರುವವರು ಅಕ್ಕಪಕ್ಕದ ಬೀದಿಯವರು. ಪಬ್, ಕಾರ್ ಶೋರೂಮ್, ಕಲ್ಯಾಣ ಮಂಟಪಕ್ಕೆ ಬರುವವರು ಊರೆಲ್ಲದರಿಂದ. ಎರಡನ್ನೂ ಒಟ್ಟಿಗೆ ಸೇರಿಸಿ ಕಮರ್ಷಿಯಲ್ ಬೇಡ ಅಂತ ಬೋರ್ಡ್ ಹಾಕಿದರೆ ಮೊದಲು ಮುಚ್ಚುವುದು ಇಸ್ತ್ರಿ ಅಂಗಡಿ. ಶೋರೂಮಿನವರು ಹೇಗೋ ದಾರಿ ಮಾಡಿಕೊಳ್ಳುತ್ತಾರೆ.

ಫುಟ್‌ಪಾತ್ ಎಷ್ಟು ಅಗಲ ಇರಬೇಕು? ಎತ್ತರ?

ರಸ್ತೆ ಕಟ್ಟುವ ಮಾನದಂಡಗಳನ್ನು ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಇದೆ, ಐಆರ್‌ಸಿ 103 ಅಂತ. ಅದರ ಪ್ರಕಾರ ಮನೆಗಳಿರುವ ಬೀದಿಯಲ್ಲಿ ಅಡ್ಡಿ ಆತಂಕ ಇಲ್ಲದ ನಡೆಯುವ ಜಾಗ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಇರಬೇಕು. ಅಂಗಡಿ ಬೀದಿಯಲ್ಲಿ 2.5 ಮೀಟರ್. ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ದಾಟಿಕೊಳ್ಳೋಕೆ 1.8 ಮೀಟರ್ ಬೇಕು. ಕಂಬ, ಮರ, ಬೋರ್ಡು, ಟ್ರಾನ್ಸ್‌ಫಾರ್ಮರ್ ಎಲ್ಲ ಈ ಅಳತೆಯ ಹೊರಗೆ, ರಸ್ತೆ ಅಂಚಿನ ಪಟ್ಟಿಯಲ್ಲಿ ಇರಬೇಕು. ಎತ್ತರ 15 ಸೆಂಟಿಮೀಟರ್ ದಾಟಬಾರದು.

ಕಾಂಟ್ರಾಕ್ಟರುಗಳು ಎಡವುವುದು ಈ ಎತ್ತರದಲ್ಲೇ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಮೇಲೆಯೇ ಹಾಕುತ್ತಾರೆ. ರಸ್ತೆ ಏರುತ್ತದೆ, ನೀರು ಮನೆಗೆ ನುಗ್ಗುತ್ತದೆ. ಆಮೇಲೆ ಫುಟ್‌ಪಾತನ್ನೂ ಏರಿಸುತ್ತಾರೆ. ಹೀಗೆ ಮೇಲಾಟ ನಡೆದು ಕೆಲವು ಕಡೆ ಅದು ಒಂದೂವರೆ ಅಡಿ ಎತ್ತರದ ಜಗಲಿ ಆಗಿದೆ. ಮಂಡಿ ನೋವಿನವರು ಅದನ್ನು ಹತ್ತಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಆಗ ಯಾರೋ ಒಬ್ಬರು ಹೇಳುತ್ತಾರೆ: ನೋಡಿ, ಫುಟ್‌ಪಾತ್ ಕಟ್ಟಿಸಿಕೊಟ್ಟರೂ ಜನ ಉಪಯೋಗಿಸಲ್ಲ!

ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇದೆ. ಆದರೂ ಯಾರೂ ಅದರ ಮೇಲೆ ನಡೆಯಲ್ಲ. ಯಾಕೆ?

ಒಂದು ಸಾಮಾನ್ಯ ಬೀದಿ, ಹತ್ತು ಸೈಟಿನ ಉದ್ದ ತೆಗೆದುಕೊಳ್ಳಿ. ಮೊದಲನೇ ಮನೆಯವರು ಕಾರು ಹತ್ತಿಸೋಕೆ ಗೇಟಿನಿಂದ ರಸ್ತೆವರೆಗೆ ಗ್ರಾನೈಟ್ ರಾಂಪ್ ಹಾಕಿಸಿದ್ದಾರೆ. ಮಳೆ ಬಂದರೆ ಕಾಲು ಜಾರುತ್ತದೆ. ಎರಡನೆಯವರು ಗ್ರಿಲ್ ಕಟ್ಟಿ ದಾಸವಾಳ, ಕರಿಬೇವು ಹಾಕಿದ್ದಾರೆ. ಗಿಡ ಅಲ್ವಾ, ಯಾರೂ ಬೈಯಲ್ಲ. ಮೂರನೆಯದರ ಮುಂದೆ ಕವರ್ ಹಾಕಿದ ಕಾರು. ನಾಲ್ಕನೆಯದರ ಮುಂದೆ ಎರಡು ಕಂಬದ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸ. ಐದನೆಯದರಲ್ಲಿ ಚರಂಡಿಯ ಚಪ್ಪಡಿ ಒಂದು ಮುರಿದು, ಒಳಗಿಂದ ಕೇಬಲ್ ಸುರುಳಿ ಹೊರಗೆ ಬಂದಿದೆ. ಆರರಲ್ಲಿ ಮತ್ತೆ ರಾಂಪ್. ಆರು ಸಲ ಇಳಿದು ಹತ್ತುವುದಕ್ಕಿಂತ ಮೊದಲೇ ರಸ್ತೆಗೆ ಇಳಿದುಬಿಡುವುದು ಮೇಲು ಅಂತ ಕಾಲಿಗೇ ಗೊತ್ತು.

ಹತ್ತರಲ್ಲಿ ಎಂಟು ಮನೆ ಮುಂದೆ ಚೆನ್ನಾಗಿದ್ದರೆ ಸಾಲದು. ಉಳಿದ ಎರಡು ಮನೆ ಮುಂದೆ ರಸ್ತೆಗೆ ಇಳಿಯಲೇಬೇಕಾದರೆ ಇಡೀ ಫುಟ್‌ಪಾತೇ ವೇಸ್ಟು. ರಾಂಪಿನ ಸಮಸ್ಯೆಗೆ ಸರಿಯಾದ ವಿನ್ಯಾಸ ಇದೆ. ಫುಟ್‌ಪಾತ್ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಮುಂದುವರಿಯಬೇಕು. ಕಾರಿಗೆ ಬೇಕಾದ ಇಳಿಜಾರು ರಸ್ತೆ ಅಂಚಿನ ಅರ್ಧ ಮೀಟರ್ ಪಟ್ಟಿಯಲ್ಲಿ ಮುಗಿಯಬೇಕು. 15 ಸೆಂಟಿಮೀಟರ್ ಎತ್ತರ ಹತ್ತೋಕೆ ಕಾರಿಗೆ ಅಷ್ಟು ಸಾಕು. ನಡೆಯುವವರು ಹತ್ತಿ ಇಳಿಯುವ ಬದಲು ಕಾರು ಹತ್ತಿ ಇಳಿಯಲಿ, ಅಷ್ಟೇ ವ್ಯತ್ಯಾಸ. ಅಡ್ಡರಸ್ತೆ ಬಂದಾಗ ಮಾತ್ರ ಫುಟ್‌ಪಾತಿನ ತುದಿಗೆ ಇಳಿಜಾರು ಬೇಕು. ಅದು 12ಕ್ಕೆ 1ರಂತೆ, ಅಂದರೆ 12 ಅಡಿ ಉದ್ದಕ್ಕೆ 1 ಅಡಿಯಂತೆ, ನಿಧಾನವಾಗಿ ಇಳಿಯಬೇಕು. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಟ್ರಾಲಿ ಬ್ಯಾಗ್ ಎಲ್ಲಕ್ಕೂ ಇದೇ ಅಳತೆ.

ನಮ್ಮದು 30 ಅಡಿ ರಸ್ತೆ. ಇದರಲ್ಲಿ ಜಾಗ ಎಲ್ಲಿಂದ ತರೋದು?

ಟೇಪ್ ಹಿಡಿಯೋಣ. 30 ಅಡಿ ಅಂದರೆ ಸುಮಾರು 9 ಮೀಟರ್. ಎರಡೂ ಕಡೆ 1.8 ಮೀಟರ್ ಫುಟ್‌ಪಾತ್ ಬಿಟ್ಟರೆ 5.4 ಮೀಟರ್ ಉಳಿಯುತ್ತದೆ. ಒಂದು ಕಡೆ ಕಾರು ನಿಲ್ಲಿಸೋಕೆ 2 ಮೀಟರ್ ಕೊಡಿ. ಇನ್ನು 3.4 ಮೀಟರ್ ಇದೆ. ಒಂದು ಕಾರು, ಒಂದು ಆಂಬ್ಯುಲೆನ್ಸ್ ಆರಾಮಾಗಿ ಹೋಗೋಕೆ ಸಾಕು. ಅಂದರೆ ಒನ್ ವೇ ಮಾಡಬೇಕು, ಇಲ್ಲ ಎದುರು ಗಾಡಿ ಬಂದರೆ ಒಂದು ಕ್ಷಣ ಸರಿದು ನಿಲ್ಲಬೇಕು. ಮನೆಗಳಿರುವ ಬೀದಿಯಲ್ಲಿ ಒಂದು ಕ್ಷಣ ನಿಂತರೆ ಏನು ಹೋಯಿತು?

40 ಅಡಿ ರಸ್ತೆಯಾದರೆ ಇನ್ನೂ ಸಲೀಸು. 12 ಮೀಟರಿನಲ್ಲಿ ಫುಟ್‌ಪಾತುಗಳಿಗೆ 3.6, ಗಾಡಿಗಳಿಗೆ ಎರಡೂ ದಿಕ್ಕಿಗೆ ಸೇರಿ 5.5 ಕೊಟ್ಟ ಮೇಲೂ 2.9 ಮೀಟರ್ ಮರಗಳಿಗೆ, ಪಾರ್ಕಿಂಗಿಗೆ ಉಳಿಯುತ್ತದೆ.

20 ಅಡಿಯ ಗಲ್ಲಿಗಳಲ್ಲಿ ಬೇರೆ ಫುಟ್‌ಪಾತ್ ಕಟ್ಟುವುದು ಸುಮ್ನೆ ಖರ್ಚು. ಅಲ್ಲಿ ಇಡೀ ಬೀದಿಯೇ ನಡೆಯುವ ಜಾಗ, ಗಾಡಿಯೇ ಅತಿಥಿ. ಬೀದಿಯ ಬಾಯಲ್ಲೇ ನೆಲದ ಮಟ್ಟ ಏರಿಸಿ, ಡಾಂಬರಿನ ಬದಲು ಕಲ್ಲು ಹಾಸಿ, ನಡುವೆ ಒಂದೆರಡು ಮರ ಅಡ್ಡ ಬರುವಂತೆ ಮಾಡಿದರೆ ಗಾಡಿ ತಾನಾಗಿಯೇ ನಿಧಾನ ಆಗುತ್ತದೆ. ಡಚ್ಚರು ಇಂಥ ಬೀದಿಗಳಿಗೆ 1976ರಲ್ಲೇ ಕಾನೂನು ಮಾಡಿದರು. ನಮ್ಮ ಹಳೇ ಅಗ್ರಹಾರಗಳೂ ಕೇರಿಗಳೂ ಕಾನೂನಿಲ್ಲದೆ ಹಾಗೇ ಇದ್ದವು.

ಮತ್ತೆ ನಮ್ಮ ಕಾರುಗಳನ್ನು ಎಲ್ಲಿ ನಿಲ್ಲಿಸೋದು?

ಮೀಟಿಂಗ್ ಕಾವೇರುವುದು ಈ ಪ್ರಶ್ನೆ ಬಂದಾಗಲೇ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದು ಕಾರು ನಿಲ್ಲೋಕೆ ಸುಮಾರು 12 ಚದರ ಮೀಟರ್ ಬೇಕು. ಒಂದು ಪುಟ್ಟ ಬೆಡ್‌ರೂಮಿನಷ್ಟು ಜಾಗ. ಬೆಂಗಳೂರಿನಲ್ಲಿ ಅಷ್ಟು ಜಾಗಕ್ಕೆ ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತು. ರಸ್ತೆಯಲ್ಲಿ ಅದು ಬಿಟ್ಟಿ. ಬಿಟ್ಟಿ ಸಿಗುವುದಕ್ಕೆ ನೂಕುನುಗ್ಗಲು ಇದ್ದೇ ಇರುತ್ತದೆ. ಮನೆ ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿ ಮಂಜೂರಾತಿ ತೆಗೆದುಕೊಂಡು, ಆಮೇಲೆ ಅಲ್ಲಿ ಅಂಗಡಿ ಮಳಿಗೆ ಇಲ್ಲವೇ ಬಾಡಿಗೆ ರೂಮ್ ಮಾಡಿದ ಮನೆಗಳನ್ನು ಪ್ರತಿ ಬೀದಿಯಲ್ಲೂ ಕಾಣಬಹುದು.

ಕಾರು ನಿಲ್ಲಿಸಬಾರದು ಅಂತ ಯಾರೂ ಹೇಳುತ್ತಿಲ್ಲ. ಗುರುತು ಹಾಕಿದ ಕಡೆ ನಿಲ್ಲಿಸಿ, ಅಂಗಡಿ ಬೀದಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಿ, ಫುಟ್‌ಪಾತ್ ಮೇಲೆ ಮಾತ್ರ ಹತ್ತಿಸಬೇಡಿ. ಫುಟ್‌ಪಾತಿನ ಬಾಯಿಗೆ ಬೊಲಾರ್ಡ್, ಅಂದರೆ ಗಿಡ್ಡ ಕಂಬ, ನೆಟ್ಟರೆ ಕಾರುಗಳು ಹತ್ತಲ್ಲ. ಆದರೆ ಎರಡು ಬೊಲಾರ್ಡ್ ನಡುವೆ ಗಾಲಿಕುರ್ಚಿ ಹೋಗುವಷ್ಟು, ಅಂದರೆ 90 ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ಜಾಗ ಬಿಡಬೇಕು. ಕೆಲವು ಕಡೆ ಬೈಕ್ ತಡೆಯೋಕೆ ಹೋಗಿ ಗಾಲಿಕುರ್ಚಿಯವರನ್ನೇ ತಡೆದಿದ್ದಾರೆ.

ಬೀದಿ ವ್ಯಾಪಾರಿಗಳನ್ನು ಎತ್ತಿಸಿದರೆ ಫುಟ್‌ಪಾತ್ ಖಾಲಿ ಆಗಲ್ವಾ?

ಖಾಲಿ ಆಗುತ್ತದೆ. ಆ ಖಾಲಿ ಜಾಗಕ್ಕೆ ಬೈಕುಗಳು ಬಂದು ನಿಲ್ಲುತ್ತವೆ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಜನ ನಡೆಯುವುದೇ ಹೂವು, ಹಣ್ಣು, ಸೊಪ್ಪಿನವರು ಇರುವುದರಿಂದ. ಸಂಜೆ ಏಳರ ಮೇಲೆ ಹೆಂಗಸರು ಧೈರ್ಯವಾಗಿ ನಡೆಯುವ ಬೀದಿ ಯಾವುದು ಅಂತ ನೋಡಿ. ಅಲ್ಲಿ ಒಂದು ಹೂವಿನ ಬುಟ್ಟಿ, ಒಂದು ಪಾನಿಪುರಿ ಗಾಡಿ ಇದ್ದೇ ಇರುತ್ತದೆ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿ ಮೂಲಕ ಜಾಗ ಗುರುತಿಸಿ ಕೊಡಬೇಕು. ಆ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ವ್ಯಾಪಾರಿಗಳೇ ಇರಬೇಕು. ನಡೆಯುವ 1.8 ಮೀಟರ್ ಬಿಟ್ಟು ಮರದ ಸಾಲಿನ ಪಟ್ಟಿಯಲ್ಲಿ ಗಾಡಿಗಳಿಗೆ ಜಾಗ ಕೊಟ್ಟರೆ ಜಗಳವೇ ಇಲ್ಲ. ವಿನ್ಯಾಸ ಮಾಡುವವರು ನಕ್ಷೆಯಲ್ಲಿ ಬೆಂಚು, ಹೂಕುಂಡ ಬರೆಯುತ್ತಾರೆ, ಸೊಪ್ಪಿನ ಗಾಡಿ ಬರೆಯಲ್ಲ. ಎಡವಟ್ಟು ಅಲ್ಲೇ ಆಗುವುದು.

ಸ್ಪೀಡ್ ಕಡಿಮೆ ಮಾಡೋಕೆ ಎರಡು ಹಂಪ್ ಹಾಕಿಸಿದರೆ ಸಾಕಲ್ವಾ?

ರಾತ್ರೋರಾತ್ರಿ ಹಾಕುವ ಚೂಪು ಹಂಪು ಬೆನ್ನು ಮುರಿಯುತ್ತದೆ, ಬೈಕಿನವರನ್ನು ಬೀಳಿಸುತ್ತದೆ. ನಿಯಮದ ಹಂಪು 3.7 ಮೀಟರ್ ಉದ್ದ, ಬರೀ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ಸ್ಪೀಡಿನಲ್ಲಿ ಹೋದರೆ ಅದು ಮೆತ್ತಗೆ ಎತ್ತಿ ಇಳಿಸುತ್ತದೆ.

ಅದಕ್ಕಿಂತ ಒಳ್ಳೆಯದು ಜೀಬ್ರಾ ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು. ನಡೆಯುವವರು ಇಳಿಯದೆ ದಾಟುತ್ತಾರೆ, ಗಾಡಿಯವರಿಗೆ ಅದೇ ಹಂಪು. ಸ್ಕೂಲು, ಆಸ್ಪತ್ರೆ, ಮಾರ್ಕೆಟ್ ಮುಂದೆ ಇದೇ ಬೇಕು. ಇನ್ನೊಂದು ಉಪಾಯ, ರಸ್ತೆ ಮೂಲೆಯ ತಿರುವನ್ನು ಬಿಗಿ ಮಾಡುವುದು. ಅಗಲವಾದ ದುಂಡು ಮೂಲೆಯಲ್ಲಿ ಕಾರು ಬ್ರೇಕ್ ಒತ್ತದೆ ತಿರುಗುತ್ತದೆ. ಬಿಗಿ ಮೂಲೆಯಲ್ಲಿ ಆಗಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಸರಾಸರಿ ಸ್ಪೀಡ್ 1 ಶೇಕಡಾ ಏರಿದರೆ ಸಾವಿನ ಅಪಘಾತದ ಸಾಧ್ಯತೆ 4 ಶೇಕಡಾ ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡೆಯುವವರೂ ಗಾಡಿಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಅಂತ ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿತು. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು ಸುಮಾರು 1.68 ಲಕ್ಷ. ಅವರಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು ಸುಮ್ನೆ ತಮ್ಮ ಪಾಡಿಗೆ ನಡೆದು ಹೋಗುತ್ತಿದ್ದವರು.

ಸ್ಕೈವಾಕ್ ಕಟ್ಟಿದರೆ ದಾಟುವ ಸಮಸ್ಯೆ ಮುಗಿಯಿತಲ್ಲ?

ಗಾಡಿಯವರ ಸಮಸ್ಯೆ ಮುಗಿಯುತ್ತದೆ. ಬಸ್ಸು, ಲಾರಿ ಕೆಳಗೆ ಹೋಗಬೇಕಾದರೆ ಸೇತುವೆ ಐದೂವರೆ ಮೀಟರ್ ಎತ್ತರ ಇರಬೇಕು. ಅಂದರೆ ಎರಡು ಮಹಡಿ ಹತ್ತಿ ಇಳಿದಷ್ಟು. ಎರಡು ಚೀಲ ತರಕಾರಿ ಹಿಡಿದ ಅಜ್ಜಿ ಅದನ್ನು ಹತ್ತಬೇಕು, ಎ.ಸಿ. ಕಾರಿನಲ್ಲಿ ಕೂತವರು 40 ಸೆಕೆಂಡ್ ಕಾಯಬಾರದು! ಲಿಫ್ಟ್ ಇದ್ದರೂ ಕೆಟ್ಟಿರುವ ದಿನಗಳೇ ಜಾಸ್ತಿ. ಎಕ್ಸ್‌ಪ್ರೆಸ್ ಹೈವೇಗೆ ಸರಿ. ಊರೊಳಗೆ ಸಿಗ್ನಲ್, ಎತ್ತರಿಸಿದ ಜೀಬ್ರಾ, ರಸ್ತೆ ಮಧ್ಯದಲ್ಲಿ ನಿಲ್ಲೋಕೆ ಒಂದು ಸುರಕ್ಷಿತ ದ್ವೀಪ, ಇವು ಸಾಕು.

ಸೈಕಲ್ ಲೇನ್ ನಮ್ಮಲ್ಲಿ ಯಾಕೆ ಪ್ರತಿ ಸಲ ಸೋಲುತ್ತದೆ?

ಜಯನಗರದ ಬೀದಿಗಳಲ್ಲಿ 2012ರ ಹೊತ್ತಿಗೇ ಬಣ್ಣದ ಗೆರೆ ಎಳೆದು ಸೈಕಲ್ ಲೇನ್ ಮಾಡಿದ್ದರು. ಸ್ವಲ್ಪ ದಿನದಲ್ಲೇ ಅದು ಅಚ್ಚುಕಟ್ಟಾದ ಕಾರ್ ಪಾರ್ಕಿಂಗ್ ಆಯಿತು. 2020ರಲ್ಲಿ ಕೊರೊನಾ ಕಾಲಕ್ಕೆ ಹೊರ ವರ್ತುಲ ರಸ್ತೆಯಲ್ಲಿ ಬೊಲಾರ್ಡ್ ನೆಟ್ಟು ತಾತ್ಕಾಲಿಕ ಲೇನ್ ಮಾಡಿದರು. ಬೊಲಾರ್ಡ್ ಮುರಿದವು, ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯಿತು. ಬಣ್ಣ ಯಾರನ್ನೂ ತಡೆಯಲ್ಲ. ದೊಡ್ಡ ರಸ್ತೆಯಲ್ಲಿ ಸೈಕಲ್ ದಾರಿ ಕಲ್ಲಿನ ಅಂಚು ಕಟ್ಟಿ ಬೇರೆ ಮಾಡಿರಬೇಕು, ಕನಿಷ್ಠ 2 ಮೀಟರ್ ಅಗಲ ಇರಬೇಕು, ಬಸ್ ಸ್ಟಾಪಿನ ಹಿಂದಿನಿಂದ ಹಾದು ಹೋಗಬೇಕು. ಜಂಕ್ಷನ್ನಿನಲ್ಲಿ ಮಾಯ ಆಗಬಾರದು. ಅಪಘಾತ ಆಗುವುದೇ ಜಂಕ್ಷನ್ನಿನಲ್ಲಿ.

ಆದರೆ ಬಡಾವಣೆಯ ಒಳಗಿನ ಬೀದಿಗೆ ಸೈಕಲ್ ಲೇನೇ ಬೇಡ. ಗಾಡಿಗಳು 20-25ರ ಸ್ಪೀಡಿನಲ್ಲಿ ಹೋದರೆ ಸೈಕಲ್ಲು ಅವುಗಳ ಜೊತೆಗೇ ಹೋಗಬಹುದು. ಶಾರ್ಟ್‌ಕಟ್ ಹುಡುಕಿಕೊಂಡು ಒಳಬೀದಿಗೆ ನುಗ್ಗುವ ಟ್ರಾಫಿಕ್ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಬಾರ್ಸಿಲೋನಾದಲ್ಲಿ ಒಂಬತ್ತು ಬ್ಲಾಕುಗಳನ್ನು ಸೇರಿಸಿ ಸುಮಾರು 400 ಮೀಟರ್ ಚೌಕದ ಒಂದು ಗುಂಪು ಮಾಡಿ ಇದನ್ನೇ ಮಾಡಿದರು. ಒಳಗೆ ಮನೆ ಇರುವವರು ಕಾರಿನಲ್ಲಿ ಬರಬಹುದು, ಆದರೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಗೆ ಹೋಗೋಕೆ ಆಗಲ್ಲ. ಜಯನಗರದ ಬ್ಲಾಕುಗಳಿಗೆ ಇದು ಹೇಳಿ ಮಾಡಿಸಿದ ಉಪಾಯ ಅಂತ ನನಗೆ ಅನ್ನಿಸುತ್ತದೆ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಶುರುವಾಯಿತು. ಕಾರ್ಡ್ ತೋರಿಸಿ ಒಂದು ಸ್ಟ್ಯಾಂಡಿನಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಬಸ್ಸಿಳಿದ ಮೇಲಿನ ಒಂದೆರಡು ಕಿಲೋಮೀಟರಿಗೆ ಇಂಥದ್ದು ಹೇಳಿ ಮಾಡಿಸಿದ್ದು. ಬೆಂಗಳೂರಿನ ಏರಿಳಿತಕ್ಕೆ ಮೋಟರ್ ಇರುವ ಸೈಕಲ್ಲಾದರೆ ಮೇಲು.

ಇನ್ನೊಂದು ವಿಷಯ. ಸೈಕಲ್ ಅಂದರೆ ಹೆಲ್ಮೆಟ್ ಹಾಕಿ ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಅಂತ ಅಧಿಕಾರಿಗಳ ತಲೆಯಲ್ಲಿದೆ. ದಿನಾ ಸೈಕಲ್ ತುಳಿಯುವವರು ಪೇಪರ್ ಹಾಕುವ ಹುಡುಗ, ಕಟ್ಟಡ ಕೆಲಸದವರು, ಸೆಕ್ಯೂರಿಟಿ ಗಾರ್ಡುಗಳು. ಬೆಳಿಗ್ಗೆ ಐದಕ್ಕೆ, ರಾತ್ರಿ ಹತ್ತಕ್ಕೆ ತುಳಿಯುತ್ತಾರೆ. ಅವರಿಗೆ ಬೇಕಾದ್ದು ಬೀದಿ ದೀಪ, ಗುಂಡಿ ಇಲ್ಲದ ಅಂಚು, ಸೈಕಲ್ ಕಟ್ಟಿ ಹಾಕೋಕೆ ಒಂದು ಕಂಬಿ.

ರಸ್ತೆ ಕಿರಿದು ಮಾಡಿದರೆ ಜಾಮ್ ಜಾಸ್ತಿ ಆಗಲ್ವಾ? ಅಂಗಡಿಯವರಿಗೆ ನಷ್ಟ ಆಗಲ್ವಾ?

ಬೆಂಗಳೂರಿನ ನಡುಭಾಗದಲ್ಲಿ ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಅನ್ನುವ, ಫುಟ್‌ಪಾತ್, ಪೈಪು, ಕೇಬಲ್ ಸಮೇತ ರಸ್ತೆಯನ್ನು ಹೊಸದಾಗಿ ಕಟ್ಟುವ ಯೋಜನೆಯಡಿ ಬದಲಿಸಿದಾಗ ಇದೇ ಕೂಗು ಎದ್ದಿತ್ತು. ಫುಟ್‌ಪಾತ್‌ಗೆ ಇಷ್ಟು ಜಾಗ ಯಾಕೆ ಅಂತ. ಆ ರಸ್ತೆಗಳ ಗುಟ್ಟು ಅಗಲದಲ್ಲಿಲ್ಲ, ಒಂದೇ ಸಮನಾದ ಲೇನುಗಳಲ್ಲಿದೆ. ಮೊದಲು ಒಂದು ಕಡೆ ನಾಲ್ಕು ಲೇನ್ ಅಗಲ, ಸ್ವಲ್ಪ ಮುಂದೆ ಎರಡು. ಗಾಡಿಗಳು ಸಿಕ್ಕಿಕೊಳ್ಳುವುದು ಆ ಕಿರಿದಾಗುವ ಬಾಯಲ್ಲೇ. ಅಗಲ ಇದ್ದ ಕಡೆಯ ಜಾಸ್ತಿ ಜಾಗದಿಂದ ಯಾರಿಗೂ ಲಾಭ ಇರಲಿಲ್ಲ. ಅದು ಈಗ ನಡೆಯುವವರಿಗೆ ಹೋಯಿತು.

ಅಂಗಡಿಯವರ ಭಯವೂ ಹಳೆಯದು. ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರೋಯೆಟ್ ಅನ್ನುವ ಪೇಟೆ ಬೀದಿಗೆ ಕಾರು ಬರದಂತೆ ಮಾಡಿದಾಗ ವ್ಯಾಪಾರ ಮುಳುಗಿತು ಅಂದರು. ಇವತ್ತು ಅದು ಆ ಊರಿನ ಮುಖ್ಯ ಶಾಪಿಂಗ್ ಬೀದಿ. ಅಷ್ಟು ದೂರ ಬೇಡ ಅಂದರೆ ಚೆನ್ನೈನ ಪಾಂಡಿ ಬಜಾರ್ ನೋಡಿ ಬನ್ನಿ. 2019ರಲ್ಲಿ ಅಗಲ ಫುಟ್‌ಪಾತ್ ಆಯಿತು. ದೀಪಾವಳಿ ಟೈಮಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಮ್ಮ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ಬಿಡದೆ ನೋಡಿದರು. ಕಾರಿನಲ್ಲಿ ಹೋಗುವವರು ಅಂಗಡಿ ದಾಟಿ ಹೋಗುತ್ತಾರೆ. ನಡೆಯುವವರು ಒಳಗೆ ಬರುತ್ತಾರೆ.

ಬಿಸಿಲು, ಮಳೆ, ಹೊಗೆ. ಇದರಲ್ಲಿ ಯಾರು ನಡೆಯುತ್ತಾರೆ?

ನೆರಳಿದ್ದರೆ ಏಪ್ರಿಲ್ ಮಧ್ಯಾಹ್ನವೂ ನಡೆಯಬಹುದು. ಹೊಂಗೆ, ಬೇವು, ಕಾಡು ಬಾದಾಮಿ ಬೆಳೆದ ಬೀದಿಗೂ ಬೋಳು ಬೀದಿಗೂ ಇರುವ ವ್ಯತ್ಯಾಸ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಒಂದರ ನಂತರ ಒಂದು ಜಾತಿಯ ಮರ ಹೂಬಿಡುವಂತೆ ಸಾಲು ಮರ ನೆಡಿಸಿದವರು ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್. ಈಗ ನಾವು ಫುಟ್‌ಪಾತ್ ಹಾಕುವ ಭರದಲ್ಲಿ ಬುಡದವರೆಗೆ ಕಾಂಕ್ರೀಟ್ ಸುರಿದು ಅವೇ ಮರಗಳ ಉಸಿರು ಕಟ್ಟಿಸುತ್ತಿದ್ದೇವೆ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಚದರ ಮಣ್ಣು ಬಿಡಬೇಕು. ಮಳೆ ನೀರೂ ಅಲ್ಲೇ ಇಂಗುತ್ತದೆ.

ಹೊಗೆಯ ಬಗ್ಗೆ: ಮೇನ್ ರೋಡಿನ ಪಕ್ಕ ನಡೆಯುವ ಬದಲು ಸಮಾನಾಂತರವಾದ ಒಳಬೀದಿ ಹಿಡಿಯಿರಿ. ಒಳಬೀದಿಗಳು ಒಂದಕ್ಕೊಂದು ಸೇರಿರಬೇಕು ಅಂತ ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಬೀದಿ ನಾಯಿಗಳು?

ನಿಜವಾದ ಸಮಸ್ಯೆ. ತಮಾಷೆ ಮಾಡುವ ವಿಷಯ ಅಲ್ಲ. ನಾಯಿಗಳು ಗುಂಪು ಕಟ್ಟುವುದು ಕಸದ ರಾಶಿ ಇರುವ ಕಡೆ, ಕೋಳಿ ಅಂಗಡಿಯ ಹಿಂದೆ. ಸಂತಾನಹರಣ ಚಿಕಿತ್ಸೆ, ಲಸಿಕೆ ಪಾಲಿಕೆಯ ಕೆಲಸ. ಕಸದ ಜಾಗ ತೆಗೆಸುವುದು, ಊಟ ಹಾಕುವವರು ಫುಟ್‌ಪಾತ್ ಬಿಟ್ಟು ಬೇರೆ ಮೂಲೆಯಲ್ಲಿ ಹಾಕುವಂತೆ ಒಪ್ಪಿಸುವುದು ಬೀದಿಯವರ ಕೆಲಸ.

ಸಣ್ಣ ಊರುಗಳಿಗೆ ಇದೆಲ್ಲ ಬೇಕಾ?

ಅಲ್ಲೇ ಮೊದಲು ಬೇಕು. ಹಾಸನ, ಶಿರಸಿ, ಗದಗದಂಥ ಊರುಗಳಲ್ಲಿ ಈಗಲೂ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಅಷ್ಟೇ. ಹೈಸ್ಕೂಲ್ ಹುಡುಗಿಯರು ಸೈಕಲ್ಲಿನಲ್ಲೇ ಹೋಗುತ್ತಾರೆ. ಈಗಿರುವುದನ್ನು ಕೆಡಿಸದಿದ್ದರೆ ಸಾಕು. ಆದರೆ ಅಭಿವೃದ್ಧಿ ಅಂದರೆ ಊರ ನಡುವೆ ನಾಲ್ಕು ಲೇನ್ ರಸ್ತೆ, ನಡುವೆ ದಾಟಲಾಗದ ಡಿವೈಡರ್ ಅಂತ ಹಿಡಿದುಬಿಟ್ಟಿದ್ದಾರೆ. ರಸ್ತೆ ಆದ ಮೇಲೆ ಆ ಕಡೆಯ ಸ್ಕೂಲಿಗೆ ಮಕ್ಕಳನ್ನು ಅಪ್ಪ ಬೈಕಿನಲ್ಲಿ ಬಿಡಬೇಕಾಗುತ್ತದೆ.

ಕಾನೂನು ನಮ್ಮ ಕಡೆ ಇದೆಯಾ?

ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಗಾಡಿ ಸಾಗಿಸುವುದಲ್ಲ, ಜನರನ್ನು ಸಾಗಿಸುವುದು ಮುಖ್ಯ ಅಂತ ಹೇಳಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಇಲ್ಲವೇ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಅಧಿಕಾರಿ, ಕಾಂಟ್ರಾಕ್ಟರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕರ್ನಾಟಕದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ನಡೆಯುವವರು ಮತ್ತು ಸೈಕಲ್ಲಿನವರ ಹಕ್ಕಿಗಾಗಿ 2021ರಲ್ಲೇ ಒಂದು ಕರಡು ಮಸೂದೆ ತಯಾರಿಸಿತ್ತು. ಅರ್ಜಿ ಬರೆಯುವಾಗ ಐಆರ್‌ಸಿ 103 ಅಂತ ನಂಬರ್ ಸಮೇತ ಬರೆಯಿರಿ. ಫುಟ್‌ಪಾತ್ ಸರಿಯಿಲ್ಲ ಅಂತ ಬರೆದರೆ ಫೈಲಿಗೆ ಹೋಗುತ್ತದೆ. ಮಾನದಂಡದ ಹೆಸರು ಹಾಕಿದರೆ ಇಂಜಿನಿಯರ್ ಉತ್ತರ ಕೊಡಬೇಕಾಗುತ್ತದೆ.

ನಮ್ಮ ಬೀದಿಯಲ್ಲಿ ಎಲ್ಲಿಂದ ಶುರು ಮಾಡೋದು?

ಇಡೀ ಬಡಾವಣೆ ಹಿಡಿಯಬೇಡಿ. ಒಂದು ದಾರಿ ಹಿಡಿಯಿರಿ: ಮನೆಗಳಿಂದ ಸ್ಕೂಲಿಗೆ, ಇಲ್ಲ ಬಸ್ ಸ್ಟಾಪಿಗೆ. ಬೀದಿಯ ಒಬ್ಬ ವಯಸ್ಸಾದವರನ್ನು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಒಬ್ಬರನ್ನು ಜೊತೆಗೆ ಕರೆದುಕೊಂಡು ನಡೆಯಿರಿ. ಅವರು ರಸ್ತೆಗೆ ಇಳಿದ ಪ್ರತಿ ಜಾಗದಲ್ಲೂ ಫೋಟೋ, ಅಳತೆ, ಮನೆ ನಂಬರ್ ಬರೆದುಕೊಳ್ಳಿ. ಒಂದು ಕಿಲೋಮೀಟರಿಗೆ ಇಂಥ ಜಾಗಗಳು ಎಷ್ಟು ಅಂತ ಕಂಡಾಗ ನಿಮಗೇ ಆಶ್ಚರ್ಯ ಆಗುತ್ತದೆ. ಅವುಗಳಲ್ಲಿ ಅರ್ಧ ನೆರೆಮನೆಯವರ ಜೊತೆ ಕಾಫಿ ಕುಡಿಯುತ್ತಾ ಬಗೆಹರಿಯುವಂಥವು, ರಾಂಪು, ಗಿಡ, ಕಾರು. ಉಳಿದವನ್ನು ಪಾಲಿಕೆಗೆ ಕೊಡಿ. ಬೆಂಗಳೂರಿನಲ್ಲಿ 1533 ಸಹಾಯವಾಣಿ ಇದೆ, ವಾರ್ಡ್ ಸಭೆ ಇದೆ. ದೂರಿನ ನಂಬರ್ ಇಟ್ಟುಕೊಳ್ಳಿ.

ಕೇಳುವ ಸಮಯವೂ ಮುಖ್ಯ. ಡಾಂಬರು ಹಾಕಿ ಹೋದ ಮೇಲೆ ಕೇಳಿದರೆ ಇನ್ನು ಐದು ವರ್ಷ ಏನೂ ಆಗಲ್ಲ. ಒಳಚರಂಡಿ, ನೀರಿನ ಪೈಪು, ಕೇಬಲ್ ಹಾಕೋಕೆ ರಸ್ತೆ ಅಗೆಯುವ ಸುದ್ದಿ ಬಂದಾಗಲೇ ವಾರ್ಡ್ ಇಂಜಿನಿಯರ್ ಹತ್ತಿರ ಹೋಗಿ ರಸ್ತೆಯನ್ನು ಅಡ್ಡ ಕೊಯ್ದರೆ ಏನೇನು ಎಲ್ಲಿರುತ್ತದೆ ಅಂತ ತೋರಿಸುವ ಅಡ್ಡಸೀಳಿಕೆಯ ನಕ್ಷೆ ತೋರಿಸಿ ಅಂತ ಕೇಳಿ. ಅದರಲ್ಲಿ ಎರಡು ನೋಡಿ: ಫುಟ್‌ಪಾತಿನ ಅಗಲ ಎಷ್ಟು, ಪೈಪು ಮತ್ತು ಕೇಬಲ್ಲಿಗೆ ಕೊಳವೆ ಅದರ ಕೆಳಗೆ ಇದೆಯಾ ಇಲ್ಲವಾ. ಕೊಳವೆ ಇಲ್ಲದಿದ್ದರೆ ಹೊಸ ಕಲ್ಲು ಹಾಸಿದ ಆರು ತಿಂಗಳಲ್ಲಿ ಇನ್ನೊಬ್ಬರು ಬಂದು ಅಗೆಯುತ್ತಾರೆ. ಟೆಂಡರ್ ಕರೆಯುವ ಮೊದಲು ಅದನ್ನು ಸೇರಿಸಿ ಅಂತ ಬರವಣಿಗೆಯಲ್ಲಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬನ್ನಿ.